ಕಿತ್ತದ್ದಾಯಿತು, ಹಚ್ಚುವದೆಂದು?

ಪ್ರತಿ ವರ್ಷ ಜೂನ್ 5ನೆಯ ತಾರೀಖು ಬಂದಿತೆಂದರೆ ನಮ್ಮ ಕಚೇರಿಗೆ ಒಂದೇ ಬಗೆಯ ಛಾಯಾಚಿತ್ರಗಳು ಬಂದು ಬೀಳತೊಡಗುತ್ತವೆ. ನಡುವೆ ಒಂದು ಸಸಿ. ಅದರ ಸುತ್ತಲೂ ಹತ್ತು ಹನ್ನೆರಡು ಜನ ಗೃಹಸ್ಥರು. ಅವರೆಲ್ಲರ ಕೈಯೂ ಆ ಒಂದೇ ಸಸಿಯ ಮೇಲೆ. ಹಿಂದುಗಡೆಗೆ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಲ್ಪಟ್ಟ ಶಾಲೆಯ ಮಕ್ಕಳು. ಈ ಚಿತ್ರಗಳನ್ನು ನಾವು ಅಚ್ಚು ಹಾಕುತ್ತಲೇ ಬಂದಿದ್ದೇವೆ. ಆದುದರಿಂದ ಈ ದೋಷದಲ್ಲಿ ನಮ್ಮ ಪಾಲೂ ಇದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಮುಂದಿನ ಜೂನಿನಲ್ಲಿ ಆ ಸಸಿ ಏನಾಯಿತೆಂದು ನಾವಾಗಲಿ, ಚಿತ್ರ ಕಳಿಸಿದ ಮಹನೀಯರಾಗಲಿ ವಿಚಾರಿಸಿದ್ದುಂಟೆ? ನಾವು ಬಲ್ಲ ಒಂದು ಶಾಲೆಯ ಅಂಗಳದಲ್ಲಿ ಸಸಿ ನೆಡುವ ತಗ್ಗು ಪ್ರತಿ ವರ್ಷವೂ ಅದೇ. ಹೊಸದಾಗಿ ಬರುವದು ಸಸಿ ಮಾತ್ರ. ತಗ್ಗು ತೋಡುವ ಶ್ರಮವಾದರೂ ಉಳಿಯಿತೆಂದು ಅಲ್ಲಿಯ ಜವಾನನು ಸಮಾಧಾನ ಪಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ.

ಸಸಿ ಸಾಯುವದಕ್ಕೆ ಯಾರ ದುಷ್ಟತನವೂ ಕಾರಣವಲ್ಲ, ಪಂಚಾಂಗವೇ ಕಾರಣ. ಜೂನಿನಲ್ಲಿ ನೆಟ್ಟ ಸಸಿಯನ್ನು ಆಶ್ವಿನದ ವರೆಗೆ ಮಳೆ ನೋಡಿಕೊಳ್ಳುತ್ತದೆ. ಪುಷ್ಯದ ವರೆಗೆ ನೆಲದ ತಂಪು ಅದನ್ನು ಹೇಗೋ ಉಳಿಸುತ್ತದೆ. ಶಿವರಾತ್ರಿ ಕಳೆದ ಮೇಲೆಯೇ ಅದಕ್ಕೆ ನಿಜವಾದ ನೀರಡಿಕೆ ಹತ್ತುವದು. ಅದು ಅತ್ಯಂತ ತೀವ್ರವಾಗುವ ಏಪ್ರಿಲ್ ತಿಂಗಳ ನಡುವಿನಲ್ಲಿಯೇ ನಮ್ಮ ಶಾಲೆಗಳ ಬಾಗಿಲಿಗೆ ಕೀಲಿ ಬೀಳುತ್ತದೆ. ಆ ಕೀಲಿ ತೆಗೆಯುವದು ಮೇ ತಿಂಗಳ ಕೊನೆಗೆ. ವಿದ್ಯಾರ್ಥಿಗೂ ರಜೆ, ಗುರುಗಳಿಗೂ ರಜೆ. ಸಸಿಗೆ ಮಾತ್ರ ರಜೆಯಿಲ್ಲ. ಶಾಲೆಗೆ ವಹಿಸಿದ ಕೆಲಸವು ಶಾಲೆಯಿಂದ ಆಗಲಾರದೆಂಬ ಈ ಸರಳವಾದ ಸಂಗತಿಯು ಇಷ್ಟು ವರ್ಷಗಳಾದರೂ ಯಾವ ಸುತ್ತೋಲೆಯಲ್ಲಿಯೂ ಬರದೆ ಇರುವದು ವಿಚಿತ್ರವಲ್ಲವೆ? ಕೇಂದ್ರ ಮಂತ್ರಿಗಳಾಗಿದ್ದ ಶ್ರೀ ಕನ್ಹೈಯಾಲಾಲ ಮುನ್ಶಿಯವರು ವನಮಹೋತ್ಸವವನ್ನು ಆರಂಭಿಸಿದ್ದು 1950ರಲ್ಲಿ. ಅಂದಿನಿಂದ ಉತ್ಸವವು ಬೆಳೆದಷ್ಟು ವನವು ಬೆಳೆದಿಲ್ಲ.

ಶಿಗ್ಗಾಂವಿ ತಾಲೂಕಿನ ದುಂಡಸಿಯ ಸೀಮೆಯನ್ನು ಬಲ್ಲವರಿಗೆ ನಾವು ಈ ವಿಷಯವನ್ನು ಏಕೆ ಎತ್ತಿದೆವೆಂಬದು ತಿಳಿದೀತು. ಇದು ಮಲೆನಾಡಿನ ಸೆರಗು. ಪಡುವಲಿಗೆ ಮುಂಡಗೋಡದ ಅಡವಿ, ಮೂಡಲಿಗೆ ಸವಣೂರಿನ ಎರೆಹೊಲಗಳು. ಅರಣ್ಯ ಇಲಾಖೆಯ ವಲಯವೊಂದು ಈ ಊರ ಹೆಸರಿನಿಂದಲೇ ನಡೆಯುತ್ತದೆ. ಅಡವಿಯು ಬಗಲಿನಲ್ಲಿಯೇ ಇರುವದರಿಂದ ಗಿಡಮರವೆಂಬದು ಸರಕಾರದ ಜಿಂದಗಿ, ಅದನ್ನು ಕಾಯುವದು ಫಾರೆಸ್ಟಿನವರ ಕೆಲಸ ಎಂಬ ಭಾವನೆಯು ಇಂಥ ಊರುಗಳಲ್ಲಿ ಬಲವಾಗಿ ಬೇರೂರುತ್ತದೆ. ಆದರೆ ಈ ಭಾವನೆಯನ್ನು ಬುಡಸಹಿತ ಅಲ್ಲಾಡಿಸಿದ ಘಟನೆಯೂ ಇದೇ ಸೀಮೆಯಲ್ಲಿಯೇ, ನೆರೆಯ ಹಾನಗಲ್ಲ ತಾಲೂಕಿನಲ್ಲಿಯೇ ನಡೆಯಿತೆಂಬದನ್ನು ಇಂದಿನ ತರುಣರು ಅರಿಯರು. ಆದುದರಿಂದ ಅದನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳುವದು ಅವಶ್ಯ.

1984ನೆಯ ಇಸವಿ ನವೆಂಬರ 14ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಎಂಬ ಗಿರಣಿಯೊಡನೆ ಒಂದು ಕರಾರು ಮಾಡಿಕೊಂಡಿತು. ಅದರ ಪ್ರಕಾರ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಹೊಸ ಕಂಪನಿಯು ಹುಟ್ಟಿತು. ಅದರಲ್ಲಿ ಸರಕಾರದ ಪಾಲು ನೂರಕ್ಕೆ 51, ಗಿರಣಿಯ ಪಾಲು 49. ಗಿರಣಿಗೆ ಬೇಕಾಗುವ ನೀಲಗಿರಿಯನ್ನು ಬೆಳೆಯುವದಕ್ಕೆಂದು ಧಾರವಾಡವೇ ಮೊದಲಾದ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್ ಭೂಮಿಯನ್ನು 40 ವರ್ಷಗಳ ಅವಧಿಗೆ, ಎಕರೆಗೆ ವರ್ಷಕ್ಕೆ ಒಂದು ರೂಪಾಯಿಯ ಬಾಡಿಗೆಯಿಂದ ಆ ಕಂಪನಿಗೆ ಕೊಡುವದೆಂದು ನಿಶ್ಚಯವಾಯಿತು. ಒಂದು ರೂಪಾಯಿ! ಕಾಗದಪತ್ರಗಳಲ್ಲಿ ಅದು ಸರಕಾರದ ಪಾಳು ಭೂಮಿ. ನಮ್ಮ ರೈತರ ಬಾಯಲ್ಲಿ ಅದೇ ಗಾಯರಾಣ. ಬಡವನ ಎಮ್ಮೆ ಮೇಯುವದು ಅಲ್ಲಿ. ವಿಧವೆಯ ಒಲೆಗೆ ಪುರಲೆ ಸಿಗುವದು ಅಲ್ಲಿ. ಬೇಸಗೆಯಲ್ಲಿ ಹುಡುಗರಿಗೆ ಕವಳಿಹಣ್ಣು ದೊರೆಯುವದೂ ಅಲ್ಲಿಯೇ. ನೀಲಗಿರಿಯ ಎಲೆಯನ್ನು ದನವೂ ಮೇಯದು, ಆಡೂ ಮುಟ್ಟದು.

ಧಾರವಾಡದ ಸಮಾಜ ಪರಿವರ್ತನ ಸಮುದಾಯದವರೂ ಅದರ ಮುಂದಾಳುಗಳಾದ ಶ್ರೀ ಎಸ್. ಆರ್. ಹಿರೇಮಠರೂ ಈ ಅನ್ಯಾಯವನ್ನು ಊರೂರಿಗೆ ತಿಳಿಸಿದರು. ಡಾ. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಕರಾರಾಗಿ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಅಂದರೆ 1987ರ ನವೆಂಬರ 14ರಂದು, ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಕೂಡಿದರು. ಗಂಡಸರು, ಹೆಂಗಸರು, ಮಕ್ಕಳು ಅಹಿಂಸೆಯ ಪ್ರತಿಜ್ಞೆ ತೆಗೆದುಕೊಂಡರು. ಹಲಗೆ ಬಾರಿಸುತ್ತ ನೆಡುತೋಪಿಗೆ ನಡೆದರು. ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಜನಕ್ಕೂ ದನಕ್ಕೂ ಉಪಯೋಗವಾಗುವ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. ಪೋಲೀಸರು ಬಂದು ಹಿಡಿದೊಯ್ದರು. 'ಕಿತ್ತಿಕೋ ಹಚ್ಚಿಕೋ' ಎಂದು ಪ್ರಸಿದ್ಧವಾದ ಸತ್ಯಾಗ್ರಹ ಇದೇ. 1930ರ ದಶಕದ ಮೊದಲಿನಲ್ಲಿ ಸಿದ್ದಾಪುರ, ಅಂಕೋಲೆಗಳ ಜೊತೆಗೆ ಹಿರೇಕೆರೂರ ತಾಲೂಕಿನ ರೈತರು ಕರನಿರಾಕರಣೆಯನ್ನು ಹೂಡಿ, ಮನೆಮಂದಿಯೆಲ್ಲ ಕಷ್ಟಪಟ್ಟ ನಾಡು ಇದು. ಆ ಕಿಚ್ಚು ಆರಿರಲಿಲ್ಲವೆಂಬದಕ್ಕೆ ಕುಸನೂರು ಸಾಕ್ಷಿ. 1991ರಲ್ಲಿ ಕಂಪನಿಯು ಬಾಗಿಲು ಮುಚ್ಚಿತು. ಕುಸನೂರಿನ ಜನರು ಹೇಳಿದ ಮಾತು ಸರಕಾರದ ಕಿವಿಗೆ ಪೂರ್ತಿಯಾಗಿ ಮುಟ್ಟಲು ಇನ್ನಷ್ಟು ಕಾಲ ಹಿಡಿಯಿತು. ನೀಲಗಿರಿ ಬೆಳೆಸುವದನ್ನು ನಿಷೇಧಿಸಿ ರಾಜ್ಯ ಸರಕಾರವು ಆಜ್ಞೆ ಹೊರಡಿಸಿದ್ದು 2017ರಲ್ಲಿ, ಸರಿಯಾಗಿ ಮೂವತ್ತು ವರ್ಷಗಳ ಮೇಲೆ.

ಇಷ್ಟು ಯಶಸ್ವಿಯಾದ ಚಳವಳಿಯ ಬಗ್ಗೆ ಕೊರತೆಯನ್ನು ಆಡುವದು ಶೋಭಿಸದು. ಆದರೂ ಒಂದು ಮಾತು. ಆ ಹೆಸರಿನಲ್ಲಿ ಎರಡು ಕ್ರಿಯೆಗಳಿವೆ. ಕೀಳುವದು ಒಂದು ಹೊತ್ತಿನ ಕೆಲಸ; ಅದಕ್ಕೆ ಧೈರ್ಯ ಬೇಕು, ಅದು ನಮ್ಮ ಜನರಲ್ಲಿ ಇತ್ತು. ಹಚ್ಚುವದು ಹತ್ತು ವರ್ಷಗಳ ಕೆಲಸ. ಅದಕ್ಕೆ ಬೇಕಾದದ್ದು ದಿನಕ್ಕೊಂದು ಕೊಡ ನೀರು. ನಮ್ಮ ಕಡೆಯ ಮಾತಿನಲ್ಲಿ ಸಸಿಯನ್ನೂ ಹಚ್ಚುತ್ತೇವೆ, ದೀಪವನ್ನೂ ಹಚ್ಚುತ್ತೇವೆ. ದೀಪ ಹಚ್ಚಿದ ತಾಯಿ ಎಣ್ಣೆ ಮುಗಿದೀತೆಂದು ನಡುನಡುವೆ ಎದ್ದು ನೋಡುತ್ತಾಳೆ. ಸಸಿ ಹಚ್ಚಿದವರು ಹಾಗೆ ಎದ್ದು ನೋಡುವದಿಲ್ಲ.

ಎದ್ದು ನೋಡಿದವರು ಇದ್ದರು. ಮಾಗಡಿ ತಾಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಕೂಲಿ ಮಾಡಿ ಹೊಟ್ಟೆ ಹೊರೆಯುವ ದಂಪತಿಗಳು. ಶಾಲೆಯ ಮುಖ ಕಂಡವರಲ್ಲ, ಮಕ್ಕಳಿರಲಿಲ್ಲ. ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ಹಾದಿಯ ಬದಿಗೆ ಆಲದ ಸಸಿಗಳನ್ನು ನೆಟ್ಟರು. ಮೊದಲ ವರ್ಷ ಹತ್ತು, ಮರುವರ್ಷ ಇನ್ನಷ್ಟು, ಒಮ್ಮೆಗೆ ಸಾವಿರವಲ್ಲ. ಕೊಡ ಹೊತ್ತು ನೀರು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ಸುಮಾರು ನಾಲ್ಕು ಕಿಲೊಮೀಟರ್ ಹಾದಿಗೆ 385 ಮರಗಳು ನೆರಳು ಕೊಟ್ಟವೆಂದು ಲೆಕ್ಕ. 2019ರಲ್ಲಿ ಪದ್ಮಶ್ರೀಯು ಆ ತಾಯಿಯನ್ನು ಹುಡುಕಿಕೊಂಡು ಬಂದಿತು. ಅವರು ತೀರಿಕೊಂಡದ್ದು 2025ರ ನವೆಂಬರ 14ರಂದು. ಕುಸನೂರಿನ ತಾರೀಖೂ ಅದೇ. ಮಕ್ಕಳ ದಿನಾಚರಣೆಯ ತಾರೀಖೂ ಅದೇ. ಅಂದು ನಮ್ಮ ಶಾಲೆಗಳಲ್ಲಿ ವ್ಯಾಖ್ಯಾನಗಳು ನಡೆದವು.

ಹಾಗಾದರೆ ದುಂಡಸಿಯ ಒಬ್ಬ ಒಕ್ಕಲಿಗನ ಮನೆಯಲ್ಲಿ, ಇಲ್ಲವೆ ಶಿಗ್ಗಾಂವಿಯ ಒಬ್ಬ ಗುಮಾಸ್ತನ ಮನೆಯಲ್ಲಿ ಆಗತಕ್ಕದ್ದೇನು? ಸಸಿಯನ್ನು ಶಾಲೆಯ ಅಂಗಳದಿಂದ ಬಚ್ಚಲಿನ ಹಿಂದಕ್ಕೆ ತರುವದು. ಅಷ್ಟೇ. ಮನೆಯ ಬಚ್ಚಲು ಬೇಸಗೆಯ ರಜೆಯಲ್ಲಿ ಮುಚ್ಚುವದಿಲ್ಲ. ಐದು ಜನರ ಕುಟುಂಬವು ಮೈತೊಳೆದ ನೀರು ಬೀದಿಯಲ್ಲಿ ಹರಿದು ಕೆಸರಾಗಿ, ಸೊಳ್ಳೆ ಸಾಕಿ, ನೆರೆಮನೆಯವರೊಡನೆ ಜಗಳ ಹುಟ್ಟಿಸುವದಕ್ಕಿಂತ ಒಂದು ಮಾವಿನ ಅಥವಾ ತೆಂಗಿನ ಬುಡಕ್ಕೆ ಹೋದರೆ ಖರ್ಚಿಲ್ಲದೆ ಎರಡು ಕೆಲಸವಾಗುತ್ತವೆ. ಬಚ್ಚಲಿಗೆ ದೂರವಾದ ಸ್ಥಳವಾದರೆ ತೂತು ಬಿದ್ದ ಹಳೆಯ ಗಡಿಗೆಯೊಂದನ್ನು ಸಸಿಯ ಪಕ್ಕಕ್ಕೆ ಕುತ್ತಿಗೆಯ ವರೆಗೆ ಹುಗಿದು, ತೂತಿಗೆ ಬಟ್ಟೆಯ ಬತ್ತಿ ತುರುಕಿ, ನೀರು ತುಂಬಿ ಮುಚ್ಚಿಡಬೇಕು. ಮೇಲೆ ಸುರಿದ ನೀರು ಬಿಸಿಲಿಗೆ ಆರಿ ಹೋಗುವದು. ಗಡಿಗೆಯ ನೀರು ಹನಿಹನಿಯಾಗಿ ಬೇರಿಗೇ ಇಳಿಯುವದು. ಇದನ್ನು ಎಂಟು ವರ್ಷದ ಹುಡುಗಿಯೂ ನಡೆಸಬಲ್ಲಳು.

ಸಸಿಗಾಗಿ ಸರಕಾರದ ನರ್ಸರಿಯ ದಾರಿ ಕಾಯಬೇಕೆಂದೂ ಇಲ್ಲ. ಮೃಗಶಿರಾ, ಆರಿದ್ರಾ ಮಳೆಗಳ ಹೊತ್ತಿಗೆ ನೇರಳೆಹಣ್ಣು ಬರುತ್ತದೆ, ಬೇವಿನಹಣ್ಣು ಉದುರುತ್ತದೆ. ಈ ಎರಡರ ಬೀಜಗಳೂ ಹುಣಿಸೆಬೀಜದಂತೆ ಡಬ್ಬಿಯಲ್ಲಿ ವರ್ಷವಿಡೀ ಇಡಲು ಬರುವಂಥವಲ್ಲ; ಹಣ್ಣು ತಿಂದ ಕೆಲವೇ ದಿನಗಳಲ್ಲಿ ಊರಬೇಕು, ತಡವಾದರೆ ಮೊಳೆಯುವ ಶಕ್ತಿ ಹೋಗುತ್ತದೆ. ನಾಲಿಗೆ ನೀಲಿಯಾಗುವಂತೆ ನೇರಳೆ ತಿಂದು ಬೀಜವನ್ನು ಹಾದಿಯಲ್ಲಿ ಉಗುಳುವ ಹುಡುಗನ ಕೈಗೆ ತಾಯಿ ಒಂದು ತೆಂಗಿನ ಕರಟ, ಒಂದು ಹಿಡಿ ತಿಪ್ಪೆಗೊಬ್ಬರ ಕೊಟ್ಟರೆ ಸಾಕು. ಮಣ್ಣೆತ್ತಿನ ಅಮಾವಾಸ್ಯೆ ಬರುವದೂ ಇದೇ ದಿನಗಳಲ್ಲಿ. ಯಾವ ಕೆರೆಯ ಮಣ್ಣು ಜಿಗುಟು, ಯಾವದರಲ್ಲಿ ಎತ್ತಿನ ಕೋಡು ಮುರಿಯದೆ ನಿಲ್ಲುತ್ತದೆ ಎಂಬದನ್ನು ಬಲ್ಲ ಮಕ್ಕಳಿಗೆ ಕೆರೆಯ ಮಹತ್ವವನ್ನು ಕುರಿತು ನಾವು ಪಾಠ ಹೇಳಹೋಗುವದು ಸ್ವಲ್ಪ ನಗೆಯ ವಿಷಯವೇ. ಮಣ್ಣಿನ ಎತ್ತುಗಳನ್ನು ಮಾಡುವ ಕೈಗಳಿಂದಲೇ ಅದೇ ದಿನ ಒಂದೊಂದು ಬೀಜ ಊರಿಸಿದರೆ ಹೊಸ ಹಬ್ಬವೊಂದನ್ನು ಹುಟ್ಟಿಸುವ ಗೊಡವೆ ಬೇಡ. ಒಂದನೆಯ ಇಯತ್ತೆಯಲ್ಲಿ ಹಚ್ಚಿದ ಬೇವು, ಜಾಲಿಯ ಮುಳ್ಳು ಕಟ್ಟಿ ಆಡಿನಿಂದ ಉಳಿಸಿಕೊಂಡರೆ, ಹುಡುಗನು ಏಳನೆಯದಕ್ಕೆ ಬರುವ ಹೊತ್ತಿಗೆ ಅವನಿಗಿಂತ ಎತ್ತರವಾಗಿ ನಿಂತಿರುತ್ತದೆ.

ಮನೆಯಲ್ಲಿ ಆಗತಕ್ಕ ಇನ್ನೆರಡು ಮಾತುಗಳನ್ನು ಬೇಗನೆ ಹೇಳಿ ಮುಗಿಸುತ್ತೇವೆ. ಬೆಳಿಗ್ಗೆ ನೀರೊಲೆ ಹೊತ್ತಿಸುವದಕ್ಕೆ ಪ್ಲಾಸ್ಟಿಕ್ ಚೀಲಗಳನ್ನು ಒಡ್ಡುವ ರೂಢಿಯು ಊರೂರಲ್ಲಿ ಹಬ್ಬಿದೆ. ಅದರ ಹೊಗೆಯು ವಿಷ. ಅದನ್ನು ಮೊದಲು ಕುಡಿಯುವವಳು ಒಲೆಯ ಮುಂದೆ ಕುಳಿತ ಹೆಣ್ಣುಮಗಳು, ಬಳಿಕ ಅವಳ ಬಗಲಲ್ಲಿ ಚಳಿ ಕಾಯಿಸಿಕೊಳ್ಳುವ ಕೂಸು. ಆ ಬೂದಿಯು ತಿಪ್ಪೆಗೂ ಸಲ್ಲದು. ಎರಡನೆಯದು, ಸ್ವಾತಂತ್ರ್ಯ ದಿನದ ಪ್ಲಾಸ್ಟಿಕ್ ಧ್ವಜಗಳು. ಇವುಗಳ ಮಾರಾಟವು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿದೆ. ಆದರೂ ಆಗಸ್ಟ್ 16ರಂದು ಗಟಾರದಲ್ಲಿ ಮುಗ್ಗರಿಸಿ ಬಿದ್ದ ತ್ರಿವರ್ಣವನ್ನು ಕಂಡು ನಮ್ಮ ಕರುಳು ಕಿವುಚಿದಂತಾಗುತ್ತದೆ. ರಾಷ್ಟ್ರಧ್ವಜದ ಖಾದಿಯು ಸಮೀಪದ ಹುಬ್ಬಳ್ಳಿಯ ಬೆಂಗೇರಿಯಲ್ಲಿಯೇ ಧ್ವಜವಾಗಿ ದೇಶಕ್ಕೆಲ್ಲ ಹೋಗುತ್ತಿರುವಾಗ, ನಮ್ಮ ಮಕ್ಕಳ ಕೈಗೆ ಪ್ಲಾಸ್ಟಿಕ್ಕೇ? ಒಂದು ಶಾಲೆಗೆ ಒಂದು ಖಾದಿಯ ಧ್ವಜ ಸಾಕು. ಮಕ್ಕಳ ಕೈಗೆ ಕಾಗದದ್ದು ಕೊಡಿರಿ. ಸಂಜೆ ಎಣಿಸಿ ಮರಳಿ ಪಡೆಯಿರಿ.

ಇಲ್ಲಿ ಒಂದು ಆಕ್ಷೇಪವು ಬರುವದನ್ನು ನಾವು ಬಲ್ಲೆವು. ಸಾವಿರಾರು ಎಕರೆಗಳನ್ನು ರೂಪಾಯಿಗೊಂದರಂತೆ ಬರೆದುಕೊಟ್ಟವರನ್ನು ಬಿಟ್ಟು, ಕರಟದಲ್ಲಿ ಬೀಜ ಊರುವ ಹುಡುಗನಿಗೆ ಉಪದೇಶವೇ ಎಂದು. ಈ ಆಕ್ಷೇಪದಲ್ಲಿ ಸತ್ಯವಿದೆ. ದೊಡ್ಡವರ ತಪ್ಪನ್ನು ಮುಚ್ಚುವದಕ್ಕೆ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುವದಾದರೆ ಅಂಥ ಪರಿಸರ ದಿನ ನಮಗೆ ಬೇಡವೇ ಬೇಡ. ಆದರೆ ಕುಸನೂರಿನಲ್ಲಿ ನೀಲಗಿರಿಗೆ ಕೈಹಾಕಿದವರು ಯಾರು? ಯಾವ ಮರದ ಸೊಪ್ಪು ಎಮ್ಮೆಗೆ ಆದೀತು, ಯಾವದು ಆಗದು ಎಂಬದನ್ನು ಕೈಯಿಂದ ಬಲ್ಲ ಸಂಸಾರಗಳು. ಒಂದು ಮರವನ್ನೂ ಬೆಳೆಸಿ ಅರಿಯದ ತಲೆಮಾರಿಗೆ ನಾಳೆ ಗಾಯರಾಣವು ಕೈಬಿಟ್ಟರೆ ಏನು ಹೋಯಿತೆಂಬದೇ ತಿಳಿಯದು. ನಮಗೆ ಇರುವ ಭಯ ಇದು.

ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನೋಡದ ವಾಚಕರು ಈ ಸೀಮೆಯಲ್ಲಿ ಕಡಿಮೆ. ಆಫ್ರಿಕಾ ಖಂಡದ ಆ ಬೀಜಗಳನ್ನು ಇಲ್ಲಿ ಊರಿದವರು ಯಾರೆಂಬದಕ್ಕೆ ಕತೆಗಳಿವೆಯೇ ಹೊರತು ದಾಖಲೆಯಿಲ್ಲ. ಆದರೆ ಅವು ಎಳೆಯವಿದ್ದಾಗ ಯಾರೋ ಒಬ್ಬರು ಬೇಸಗೆಯಲ್ಲಿ ನೀರು ಹಾಕಿರಲೇಬೇಕು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಮೇಲಾಗಿ ಬಿದ್ದಾಗ ಅಧಿಕಾರಿಗಳೂ ಊರವರೂ ಕೂಡಿ ಯಂತ್ರಗಳಿಂದ ಎತ್ತಿ ಮರಳಿ ನಿಲ್ಲಿಸಿದರು. ಬಿದ್ದ ಮುದಿಮರಕ್ಕೆ ಇಷ್ಟು ಮಾಡಬಲ್ಲ ಅಧಿಕಾರಿಗಳಿಗೆ ಎಳೆಯ ಸಸಿಯ ವಿಷಯದಲ್ಲಿ ನಾವು ಕೇಳುವದು ಬಹಳವಲ್ಲ. ಮುಂದಿನ ಜೂನಿನಲ್ಲಿ ಶಾಲೆಗಳಿಗೆಂದು ಬರುವ ಸಸಿಗಳನ್ನು ಅಂಗಳದಲ್ಲಿ ನೆಡಿಸದೆ ಮಗುವಿಗೊಂದರಂತೆ ಮನೆಗೆ ಕೊಟ್ಟು ಕಳಿಸಲಿ. ನೆಡುವ ಮುನ್ನ ಪ್ಲಾಸ್ಟಿಕ್ ಚೀಲವನ್ನು ಹರಿದು ತೆಗೆಯಬೇಕೆಂದು ಹೇಳಿಕೊಡಲಿ, ಏಕೆಂದರೆ ಚೀಲಸಹಿತ ಹುಗಿದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಯಾರ ಮನೆಗೆ ಯಾವ ಗಿಡವೆಂದು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಗುರುಗಳು ಬರೆದಿಡಲಿ. ಎಣಿಕೆಯು ನೆಟ್ಟ ದಿನ ಬೇಡ. ರಜೆ ಮುಗಿದು ಶಾಲೆ ತೆರೆದ ಮೊದಲನೆಯ ವಾರದಲ್ಲಿ ಆಗಲಿ. ದುಂಡಸಿಯಿಂದಲೇ ಇದನ್ನು ಮೊದಲು ಮಾಡಬಹುದು. ಆ ಪಟ್ಟಿಯನ್ನು ನಮಗೆ ಕಳಿಸಿದರೆ, ಬದುಕಿದವುಗಳನ್ನೂ ಸತ್ತವುಗಳನ್ನೂ ಕೂಡಿಸಿ, ಛಾಯಾಚಿತ್ರಗಳಿಗೆಂದು ತೆಗೆದಿಟ್ಟ ಸ್ಥಳದಲ್ಲಿಯೇ ಅಚ್ಚು ಹಾಕುವೆವು.