ಅನ್ನ ಇಟ್ಟವರೇ, ಒಂದು ಮರೆಯನ್ನೂ ಕೊಡಿ

ಜಾತ್ರೆಗೆ ಹೋದವರೆಲ್ಲ ಅದನ್ನು ನೋಡಿದ್ದೀರಿ. ಹಲಗೆ ಜೋಡಿಸಿ ಎತ್ತರಕ್ಕೆ ಕಟ್ಟಿದ ಬಾವಿ, ಅದರ ಅಂಚಿಗೆ ಒರಗಿ ನಿಂತ ಜನ, ಒಳಗೆ ಗೋಡೆಯ ಮೇಲೆ ಸುತ್ತು ಹೊಡೆಯುವ ಮೋಟರ್‌ಸೈಕಲ್ಲು, ಅದರ ಬೆನ್ನಿಗೇ ಒಂದು ಹಳೇ ಮಾರುತಿ ಕಾರು, ಕೈಬಿಟ್ಟು ಗಾಡಿ ಓಡಿಸುತ್ತ ಮೇಲೇರಿ ಬರುವ ಹುಡುಗ, ಅವನಿಗೆಂದು ನೀವು ಚಾಚಿದ ಹತ್ತರ ನೋಟು. ಮೌತ್ ಕಾ ಕುವಾ, ಸಾವಿನ ಬಾವಿ. ನಮ್ಮ ಕಲಬುರಗಿ ಸೀಮೆಯ ಬಡವರಿಗೆ ಕಾರು, ಬೈಕಿನ ರೇಸು ಎಂದರೆ ಇದೇ. ಗಾಡಿ ನಿಮ್ಮ ಕೈಗೆ ತಾಗುವಷ್ಟು ಹತ್ತಿರ ಬಂದು ಹಲಗೆ ಗಡಗಡ ಅದುರಿದಾಗ ನಿಮ್ಮ ಎದೆಯೂ ಅದುರಿದೆ, ಆ ಹುಡುಗ ಬೀಳದಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೀರಿ. ಆಟ ಮುಗಿಯಿತು. ನೀವು ಮಿರ್ಚಿಭಜಿ ಅಂಗಡಿಯ ಕಡೆ ನಡೆದಿರಿ. ಬಾವಿಯ ಹಿಂದಕ್ಕೆ ಹೋಗಲಿಲ್ಲ.

ನಾನೂ ಹೋಗುತ್ತಿರಲಿಲ್ಲ. ಜೊತೆಗಿದ್ದ ಮಗಳಿಗೆ ಹೊಟ್ಟೆ ಕೆಟ್ಟಿತ್ತು. ಎಂಟು ವರ್ಷದ ಕೂಸು ನನ್ನ ಸೆರಗು ಹಿಡಿದು, ತುಟಿ ಕಚ್ಚಿಕೊಂಡು, ಅಮ್ಮಿ ಬೇಗ, ಅಮ್ಮಿ ಬೇಗ ಎನ್ನುತ್ತಿತ್ತು. ಆ ಜನಸಾಗರದಲ್ಲಿ ನಾನು ಕೇಳಿದ ಪ್ರತಿ ಅಂಗಡಿಯವರೂ ಕೈ ಎತ್ತಿ ದೂರದ ಜಾಲಿಗಿಡಗಳನ್ನು ತೋರಿಸಿದರು. ಬಾವಿಯ ಹಿಂದೆ ತಾಡಪತ್ರಿಯ ನಾಲ್ಕಾರು ಬಿಡಾರಗಳಿದ್ದವು. ಅಲ್ಲಿ ರೊಟ್ಟಿ ಬೇಯಿಸುತ್ತಿದ್ದ ಹೆಂಗಸು, ಆ ಬೈಕ್ ಹುಡುಗನ ಹೆಂಡತಿಯಂತೆ, ನನ್ನ ಮಗಳ ಮುಖ ನೋಡಿದ್ದೇ ತಡ ಎದ್ದಳು. ಏನೂ ಕೇಳಲಿಲ್ಲ. ಹಾಸಿಗೆಯ ಮೇಲಿನ ಚಾದರ ಎಳೆದು ಒಂದು ತುದಿ ನನ್ನ ಕೈಗಿತ್ತು, ಇನ್ನೊಂದು ತುದಿಯನ್ನು ತಾನು ಹಿಡಿದು, ಮುಖ ಆಚೆಗೆ ತಿರುಗಿಸಿ ನಿಂತಳು. ಆ ಹೂವಿನ ಚಾದರದ ಮರೆಯಲ್ಲಿ ನನ್ನ ಮಗಳ ಮಾನ ಉಳಿಯಿತು.

ಆಮೇಲೆ ಕೇಳಿದೆ: ನೀವೆಲ್ಲಿ ಹೋಗುತ್ತೀರಿ? ಕೋಳಿ ಕೂಗುವ ಮೊದಲು ಒಮ್ಮೆ, ಜಾತ್ರೆಯ ದೀಪ ಆರಿದ ಮೇಲೆ ಒಮ್ಮೆ, ಎಂದಳು. ನಡುವೆ? ನಡುವೆ ನೀರು ಕುಡಿಯುವುದಿಲ್ಲ ಆಪಾ, ಎಂದಳು. ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ, ಕಮಲಾಪುರದ ಕಡೆಯಿಂದ ಕೆಂಪು ಬಾಳೆಹಣ್ಣು ಮಾರಲು ಬಂದಿದ್ದ ಮುದುಕಿ ನಮ್ಮ ಮಾತಿಗೆ ಮಾತು ಸೇರಿಸಿದಳು. "ನೀರು ಕುಡದ್ರ ಎಲ್ಲಿಗಿ ಹೋಗ್ಲೆವ್ವಾ? ಹೊತ್ತು ಮುಳುಗೂತನ ಬಾಯಿ ಒಣಗಿಸಿಕೊಂಡು ಕುಂದರಬೇಕು." ಅವಳ ಎದುರಿಗೆ ಹತ್ತೇ ಮಾರು ದೂರದಲ್ಲಿ ಯಾರೋ ಪುಣ್ಯಾತ್ಮರು ಇರಿಸಿದ ಅರವಟ್ಟಿಗೆ. ಹೊಸ ಮಣ್ಣಿನ ಮಡಕೆ, ಮೇಲೆ ಒದ್ದೆ ಅರಿವೆ, ತಣ್ಣನೆಯ ನೀರು. ಕಲಬುರಗಿಯ ಬೇಸಿಗೆ, ನೆತ್ತಿ ಸುಡುವ ಬಿಸಿಲು. ಆ ತಾಯಿ ಆ ಮಡಕೆಗಳನ್ನು ನೋಡುತ್ತ ಕುಳಿತಿದ್ದಳು.

ಯಾವ ಊರಿನ ಜಾತ್ರೆ ಎಂದು ಹೇಳುವುದಿಲ್ಲ. ಹೆಸರು ಹೇಳಿದರೆ ಉಳಿದ ಊರಿನವರೆಲ್ಲ ನಮ್ಮದಲ್ಲ ಬಿಡು ಎಂದು ಹಗುರಾಗಿಬಿಡುತ್ತಾರೆ. ನಮ್ಮದಲ್ಲ ಎನ್ನಲು ನಮ್ಮಲ್ಲಿ ಯಾರಿಗೆ ಬಾಯಿದೆ?

ಇದು ದಾಸೋಹದ ನೆಲ. ಶರಣಬಸವೇಶ್ವರರ ಹೆಸರು ಹೇಳಿದರೆ ಮೊದಲು ನೆನಪಾಗುವುದೇ ದಾಸೋಹ. ಹೋಳಿಹುಣ್ಣಿಮೆ ಕಳೆದು ತೇರು ಎಳೆಯುವ ಹೊತ್ತಿಗೆ ಹಳ್ಳಿಹಳ್ಳಿಯಿಂದ ಚಕ್ಕಡಿ, ಟ್ರ್ಯಾಕ್ಟರ್, ಕಾಲ್ನಡಿಗೆಯಲ್ಲಿ ಬರುವ ಜನಕ್ಕೆ ಕಲಬುರಗಿ ಉಣಬಡಿಸುತ್ತದೆ. 600 ವರ್ಷಗಳ ಹಿಂದೆ ಇಲ್ಲಿ ಮಣ್ಣಾದ ಸೂಫಿ ಸಂತ ಬಂದೇನವಾಜರ ಉರುಸಿಗೆ ಹೈದರಾಬಾದಿನಿಂದ, ಮರಾಠವಾಡದಿಂದ ಬಂದವರಿಗೂ ನಮ್ಮ ಮೋಮಿನಪುರದ ಮನೆಗಳು ಪಡಸಾಲೆ ಬಿಟ್ಟುಕೊಟ್ಟು, ಒಲೆ ಆರದಂತೆ ನೋಡಿಕೊಂಡಿವೆ. ಅನ್ನಕ್ಕೆ ದಾಸೋಹ ಉಂಟು, ನೀರಿಗೆ ಅರವಟ್ಟಿಗೆ ಉಂಟು. ಉಂಡವರು, ಕುಡಿದವರು ಬೆಳಗಾದರೆ ಎಲ್ಲಿಗೆ ಹೋಗಬೇಕು? ಸಂಡಾಸದ ಮಾತು ದೇವರ ಕಾರ್ಯದಲ್ಲಿ ಯಾಕೆ ಎಂದು ನಾವು ಮುಖ ತಿರುಗಿಸಿದೆವು. ಆ ಹೆಂಗಸೂ ಮುಖ ತಿರುಗಿಸಿದ್ದಳು, ಆದರೆ ಅವಳ ಕೈಯಲ್ಲಿ ಚಾದರವಿತ್ತು.

ಶುಚಿಯ ಬೆಲೆ ನಿಮಗೆ ಗೊತ್ತಿಲ್ಲ ಎಂದು ನಾನು ಹೇಳಲಾರೆ. 2020ರ ಮಾರ್ಚ್ 10ರಂದು ಈ ಊರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಕಳೆದು, ಅದು ಕೊರೊನಾದಿಂದ ಭಾರತದಲ್ಲಾದ ಮೊದಲ ಸಾವು ಎಂದು ಖಚಿತವಾಯಿತು. ಅಂದಿನಿಂದ ಕಲಬುರಗಿ ಎಂದರೆ ಬೇರೆ ಊರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಮೋಮಿನಪುರ ಎಂದರೆ ಕಲಬುರಗಿಯವರೇ ಹಿಂದೆ ಸರಿಯುತ್ತಿದ್ದರು. ಓಣಿಯ ಬಾಯಿಗೆ ಅಡ್ಡಗಟ್ಟೆ ಬಿತ್ತು. ಬ್ಲೀಚಿಂಗ್ ಪುಡಿಯ ವಾಸನೆ ಹಾಸಿಗೆಯವರೆಗೂ ಬಂತು. ಆ ದಿನಗಳಲ್ಲಿ ನಾವು ಏನೇನು ಕಲಿತೆವು, ನೆನಪಿದೆಯಲ್ಲವೇ? ಇಪ್ಪತ್ತು ಎಣಿಸುವವರೆಗೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮುದುಕರೂ ಕಲಿತರು. ಕಿರಾಣಿ ಅಂಗಡಿಯ ಮುಂದೆ ನೀರಿನ ಬ್ಯಾರಲ್ಲು ಬಂತು, ಅದಕ್ಕೊಂದು ನಲ್ಲಿ, ನಲ್ಲಿಗೆ ದಾರದಲ್ಲಿ ಕಟ್ಟಿದ ಸೋಪು. ಪಕ್ಕದವನ ಆರೋಗ್ಯ ಕೆಟ್ಟರೆ ನನ್ನದೂ ಉಳಿಯದು ಎಂಬುದನ್ನು ಯಾವ ಪ್ರವಚನವೂ ಕಲಿಸದಷ್ಟು ಚೆನ್ನಾಗಿ ಆ ಬ್ಯಾರಲ್ಲು ಕಲಿಸಿತು.

ಆ ಮೇ ತಿಂಗಳಲ್ಲಿ ಮುಂಬಯಿ, ಪುಣೆಗೆ ದುಡಿಯಲು ಹೋದ ನಮ್ಮವರು ಮರಳಿದರು. ಕಮಲಾಪುರ, ಚಿಂಚೋಳಿ, ಆಳಂದ ಕಡೆಯ ತಾಂಡಾಗಳ ಜನ, ಇನ್ನೊಬ್ಬರ ಕಟ್ಟಡ ಕಟ್ಟಿಕೊಟ್ಟು ತಮಗೊಂದು ಮಾಡು ಇಲ್ಲದವರು. ಅವರನ್ನು ಶಾಲೆ, ವಸತಿನಿಲಯಗಳಲ್ಲಿ ಕ್ವಾರಂಟೈನ್ ಇಟ್ಟರು. ಊರಿನ ಯುವಕರ ಜೊತೆ ರೊಟ್ಟಿ ಹಂಚಲು ನಾನು ಒಂದು ಶಾಲೆಗೆ ಹೋಗಿದ್ದೆ. ಗೇಟಿನೊಳಗಿಂದ ಒಬ್ಬ ಬಸುರಿ ಹುಡುಗಿ ಕೈ ಮುಗಿದು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ರೊಟ್ಟಿ ಸಾಕ್ರೆಕ್ಕಾ, ಸಂಡಾಸಕ್ಕ ನೀರು ತರಸ್ರಿ." ಮಕ್ಕಳು ನಾಲ್ಕು ತಾಸು ಕಲಿತು ಹೋಗಲೆಂದು ಕಟ್ಟಿದ ಎರಡು ಪುಟ್ಟ ಸಂಡಾಸು, ಅದರ ಮುಂದೆ ಹಗಲೂ ರಾತ್ರಿ ಸಾಲು. ದೂರ ನಿಲ್ಲಿ ಎಂದು ನಾವು ಹೊರಗಿನಿಂದ ಕೂಗುತ್ತಿದ್ದೆವು, ಒಳಗೆ ದೂರ ನಿಲ್ಲಲು ಜಾಗವೇ ಇರಲಿಲ್ಲ. ನಾವು ಅನ್ನ ಒಯ್ದಿದ್ದೆವು. ಆಗಲೂ ಅನ್ನವನ್ನಷ್ಟೇ ಒಯ್ದಿದ್ದೆವು.

ಕಾಯಿಲೆ ಇಳಿಯಿತು. ಅಡ್ಡಗಟ್ಟೆ ತೆಗೆದರು. ತೇರುಗಳು ಮತ್ತೆ ಹೊರಟವು, ಉರುಸಿನ ಸಂದಲ್ ಮೆರವಣಿಗೆ ಮತ್ತೆ ಹೊರಟಿತು. ನಮ್ಮ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು. ಬ್ಯಾರಲ್ಲುಗಳು ಎಲ್ಲಿ ಹೋದವು? ಆ ದಾರದ ಸೋಪು ಎಲ್ಲಿ ಹೋಯಿತು?

ಕೊರೊನಾ ಹರಡಿದ್ದು ಹೆಚ್ಚಾಗಿ ಉಸಿರಿನಿಂದ, ನಿಜ. ಆದರೆ ಜಾತ್ರೆಯ ಬಯಲಿಗೆ ಅದಕ್ಕಿಂತ ಹಳೆಯ ಶತ್ರುಗಳಿವೆ. 1865ರಲ್ಲಿ ಮೆಕ್ಕಾದ ಹಜ್ ಯಾತ್ರೆಯಲ್ಲಿ ಕಾಣಿಸಿಕೊಂಡ ಕಾಲರಾ ಹಡಗು ಹತ್ತಿ ಯುರೋಪಿನವರೆಗೆ ಹೋಯಿತು. ಎರಡೇ ವರ್ಷಕ್ಕೆ, 1867ರ ಹರಿದ್ವಾರದ ಕುಂಭಮೇಳದಿಂದ ಮನೆಗೆ ಮರಳಿದ ಯಾತ್ರಿಕರ ಹಿಂದೆಯೇ ಅದೇ ಕಾಲರಾ ಉತ್ತರ ಭಾರತದ ಊರೂರಿಗೆ ನಡೆಯಿತು. ದೇವರು ಬೇರೆ, ಭಾಷೆ ಬೇರೆ, ಬಯಲು ಒಂದೇ, ಕೊಳಕು ನೀರು ಒಂದೇ. ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆ ಇಂದಿಗೂ ಅದೇ ದಾರಿಯಲ್ಲಿ ಬರುತ್ತವೆ. ತೊಳೆಯದ ಕೈಯಿಂದ ಪ್ರಸಾದಕ್ಕೆ, ನೊಣದ ಕಾಲಿನಿಂದ ಮಿಠಾಯಿಗೆ. ಜಾಲಿಗಿಡಗಳ ಬುಡದಲ್ಲಿ ಬಿಟ್ಟುಬಂದದ್ದು ಮೊದಲ ಮಳೆಗೆ ಹಳ್ಳಕ್ಕೆ, ಹಳ್ಳದಿಂದ ಬೆಣ್ಣೆತೊರೆಗೆ, ಭೀಮೆಗೆ ಇಳಿಯುತ್ತದೆ, ಕಲಬುರಗಿ ಕುಡಿಯುವುದು ಆ ನೀರನ್ನೇ. ಮೊದಲು ನರಳುವುದು ಕೂಸುಗಳು, ಬಾಣಂತಿಯರು. ಇಡೀ ಹಗಲು ತಡೆಹಿಡಿದು ಕುಳಿತ ಹೆಣ್ಣುಮಕ್ಕಳ ಮೂತ್ರದ ಉರಿ, ಸೊಂಟದ ನೋವು, ಮುಟ್ಟಿನ ದಿನ ಬಟ್ಟೆ ಬದಲಿಸಲು ಜಾಗವಿಲ್ಲದೆ ಜಾತ್ರೆಯನ್ನೇ ಬಿಟ್ಟ ಹುಡುಗಿಯ ಸಂಕಟ ಯಾವ ಲೆಕ್ಕದ ಪುಸ್ತಕದಲ್ಲೂ ಸೇರುವುದಿಲ್ಲ. ಅವರು ಹೇಳುವುದಿಲ್ಲ. ಹೇಳಲು ನಾಚಿಕೆ, ಹೇಳಿದರೂ ಕೇಳುವವರಿಗೆ ನಾಚಿಕೆ.

ತೇರು ಎಳೆದ ಮರುದಿನ ಆ ಬಯಲಿಗೆ ಯಾರು ಇಳಿಯುತ್ತಾರೆ? ಅದನ್ನೂ ನೀವು ನೋಡಿದ್ದೀರಿ. ನಾವು ಇನ್ನೂ ಮಲಗಿರುವಾಗ, ಪೊರಕೆ, ಸಲಿಕೆ ಹಿಡಿದು ಬರುವ ಪೌರಕಾರ್ಮಿಕ ಅಣ್ಣ, ಅಕ್ಕಂದಿರು. ಕೊರೊನಾ ಕಾಲದಲ್ಲಿ ನಾವು ಅವರಿಗೆ ಹೂಮಾಲೆ ಹಾಕಿದೆವು, ಪಾದ ತೊಳೆದೆವು, ಫೋಟೊ ತೆಗೆಸಿಕೊಂಡೆವು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆತಲಾಂತರದಿಂದ ಮಲ ಬಳಿಯುತ್ತಿದ್ದ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡು ನಿಂತಾಗ ಇಡೀ ಕರ್ನಾಟಕ ತಲೆತಗ್ಗಿಸಿತ್ತು. 2013ರಲ್ಲಿ ಬಂದ ಕಾಯ್ದೆ ಮನುಷ್ಯನ ಕೈಯಿಂದ ಮಲ ಬಳಿಸುವುದು ಅಪರಾಧ ಎಂದು ಮತ್ತೊಮ್ಮೆ ಸಾರಿತು. ಸಾವಿರಾರು ಜನರನ್ನು ಕರೆದು, ಉಣಿಸಿ, ಬಯಲಿಗೆ ಕಳಿಸಿ, ಮರುದಿನ ಆ ಬಯಲನ್ನು ಬಳಿಯಲು ಅದೇ ನಾಲ್ಕು ಕೇರಿಯ ಜನರನ್ನು ಕರೆಯುವ ನಾವು ಆ ಕಾಯ್ದೆಯ ಯಾವ ಕಡೆಗೆ ನಿಂತಿದ್ದೇವೆ? ಬೈಯಲು ಕೇಳುತ್ತಿಲ್ಲ. ನನ್ನನ್ನೂ ಸೇರಿಸಿಕೊಂಡೇ ಕೇಳುತ್ತಿದ್ದೇನೆ.

ಆಗದ ಕೆಲಸವೇನಲ್ಲ ಇದು. ಭೀಮೆಯ ಮೇಲ್ದಂಡೆಗೆ ನೋಡಿ. ಪಂಢರಪುರದಲ್ಲಿ ಅವಳ ಹೆಸರು ಚಂದ್ರಭಾಗಾ. ಅಲ್ಲಿ ಆಷಾಢದ ಪಾದಯಾತ್ರೆಯಾದ ವಾರಿಯ ನಂತರ ಮರಳಿನಿಂದ ಮಲ ಬಳಿಯುವವರ ಪಾಡು ಬಾಂಬೆ ಹೈಕೋರ್ಟಿನವರೆಗೆ ಹೋಯಿತು. ಈಗ ಯಾತ್ರಿಕರ ತಂಡಗಳಾದ ದಿಂಡಿಗಳು ನಡೆಯುವ ದಾರಿಯುದ್ದಕ್ಕೂ ಗಾಡಿಯ ಮೇಲಿನ ಶೌಚಾಲಯಗಳು ನಿಲ್ಲುತ್ತವೆ, ಅವುಗಳನ್ನು ತೋರಿಸಿ ಜನರನ್ನು ಕೈಹಿಡಿದು ಕಳಿಸಲು ಕಾಲೇಜಿನ ಹುಡುಗ, ಹುಡುಗಿಯರು ನಿಲ್ಲುತ್ತಾರೆ. ನಮ್ಮ ಕಡೆಯಿಂದಲೂ ಪಂಢರಪುರಕ್ಕೆ ಹೋಗುವ ವಾರಕರಿಗಳಿದ್ದಾರೆ, ಅವರನ್ನೇ ಕೇಳಿ ನೋಡಿ. 2021ರ ಜುಲೈನಲ್ಲಿ, ಕಾಯಿಲೆ ಇನ್ನೂ ಇದ್ದಾಗಲೇ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಕಾರು ರೇಸು ನೋಡಲು ಒಂದೇ ದಿನ ಸುಮಾರು 1,40,000 ಜನ ಸೇರಿದರು, ಹಲವರು ಸುತ್ತಲಿನ ಹೊಲಗಳಲ್ಲಿ ಡೇರೆ ಹೊಡೆದು ಮಲಗಿದರು. ಲಸಿಕೆ ಇಲ್ಲವೇ ಪರೀಕ್ಷೆಯ ಪುರಾವೆ ತೋರಿಸಿದವರಿಗಷ್ಟೇ ಪ್ರವೇಶ. ಕಾರಿನ ಆಟಕ್ಕೆ ಬಂದವರಿಗೆ ಇಷ್ಟು ಲೆಕ್ಕ ಹಾಕಬಹುದಾದರೆ, ಹರಕೆ ಹೊತ್ತು ಬರಿಗಾಲಲ್ಲಿ ಬಂದವರಿಗೆ ಹಾಕಲಾಗದೇ? ಮನೆಮಠ ಕಳೆದುಕೊಂಡ ನಿರಾಶ್ರಿತರ ಬಿಡಾರಕ್ಕೂ ಒಂದು ಅಳತೆ ಇದೆ. ಪರಿಹಾರ ಸಂಸ್ಥೆಗಳು ಒಪ್ಪಿಕೊಂಡ ಸ್ಫಿಯರ್ ಕೈಪಿಡಿಯ ಪ್ರಕಾರ 20 ಜನಕ್ಕೊಂದು ಶೌಚಾಲಯ, ಗಂಡಸರಿಗೆ ಒಂದಿದ್ದರೆ ಹೆಂಗಸರಿಗೆ ಮೂರು, ಒಳಗಿನಿಂದ ಚಿಲಕ, ಹತ್ತಿರದಲ್ಲಿ ಬೆಳಕು. ನಿರಾಶ್ರಿತರಿಗೆ ಸಿಗಬೇಕೆಂದು ಜಗತ್ತು ಹೇಳುವುದು ನಮ್ಮ ಅತಿಥಿಗಳಿಗೆ ಸಿಗುತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ತೀರಿಹೋದ ತಂದೆತಾಯಿಯ ಹೆಸರಲ್ಲಿ ಅರವಟ್ಟಿಗೆ ಇಡುವ ಯಜಮಾನರೇ, ಈ ವರ್ಷ ಅದರ ಜೊತೆಗೆ ಅವ್ವನ ಹೆಸರಲ್ಲಿ ಹೆಣ್ಣುಮಕ್ಕಳಿಗಾಗಿ ನಾಲ್ಕು ಬಾಡಿಗೆ ಸಂಡಾಸುಗಳನ್ನು ನಿಲ್ಲಿಸಿ. ಅದರ ಮೇಲೆ ಅವ್ವನ ಹೆಸರು ಬರೆಯಿಸಲು ಮುಜುಗರವೇ? ನೀರು ಕುಡಿಯದೆ ಕುಳಿತ ಆ ಬಾಳೆಹಣ್ಣಿನ ಮುದುಕಿಗೆ ನಿಮ್ಮ ಅವ್ವನದೇ ವಯಸ್ಸು. ಜಾತ್ರಾ ಕಮಿಟಿಯ ಹಿರಿಯರೇ, ಮಸೀದಿ, ದರ್ಗಾಗಳ ಖಿದ್ಮತ್ತಿಗೆ ನಿಲ್ಲುವ ಅಣ್ಣಂದಿರೇ, ಪಟಾಕಿಯ ಖರ್ಚು, ಸ್ವಾಗತ ಕಮಾನಿನ ಖರ್ಚು ಬರೆಯುವ ಅದೇ ಹಾಳೆಯ ಮೊದಲ ಸಾಲಿನಲ್ಲಿ ನೀರಿನ ಟ್ಯಾಂಕರು, ಸೋಪು, ಬೆಳಕು, ಬಯಲು ತೊಳೆಯುವವರಿಗೆ ಕೈಗವಸು, ಬೂಟು, ದುಪ್ಪಟ್ಟು ಕೂಲಿ ಎಂದು ಬರೆಯಿರಿ. ಜಾತ್ರೆಯ ಬಯಲಿನ ಸುತ್ತ ಮನೆ ಇರುವ ಅಕ್ಕಂದಿರೇ, ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತ ಅಪರಿಚಿತ ಹುಡುಗಿಗೆ ಹಿತ್ತಲ ಬಾಗಿಲು ತೆರೆಯಿರಿ. ಮೇಷ್ಟ್ರೇ, ಜಾತ್ರೆಯ ಮೂರು ದಿನ ಶಾಲೆಯ ಶೌಚಾಲಯದ ಬೀಗ ತೆಗೆಸಿ, ನಾಲ್ಕನೇ ದಿನ ಅದನ್ನು ತೊಳೆಸುವ ಹೊಣೆ ಊರಿನವರಾಗಿ ನಾವು ಹೊರುತ್ತೇವೆ. ಮತ್ತೆ ಆ ಬಾವಿಯ ಹಿಂದಿನ ಬಿಡಾರ, ತೊಟ್ಟಿಲು ತಿರುಗಿಸುವವರ ಬಿಡಾರ, ಬಳೆ, ಬೆಂಡು ಬತ್ತಾಸು ಮಾರುವವರ ಬಿಡಾರ. ಅವರು ಮೂರು ದಿನಕ್ಕೆ ಬಂದವರಲ್ಲ, ವರ್ಷಪೂರ್ತಿ ಒಂದು ಬಯಲಿನಿಂದ ಇನ್ನೊಂದು ಬಯಲಿಗೆ ಹೋಗುವವರು, ಯಾವ ಊರಿನ ಮತದಾರರ ಪಟ್ಟಿಯೂ ಅವರನ್ನು ನೆನೆಯುವುದಿಲ್ಲ. ಜಾಗದ ಬಾಡಿಗೆಯನ್ನು ಅವರಿಂದ ಎಣಿಸಿಕೊಳ್ಳುವ ದಿನವೇ ಅವರಿಗೆ ಒಂದು ಸಂಡಾಸು, ಒಂದು ನಲ್ಲಿ ತೋರಿಸಿಕೊಡಿ.

ನೀವು ಒಳ್ಳೆಯವರು. ಇದನ್ನು ಮೆಚ್ಚಿಸಲು ಹೇಳುತ್ತಿಲ್ಲ, ಕಂಡು ಹೇಳುತ್ತಿದ್ದೇನೆ. ಅಡ್ಡಗಟ್ಟೆಯ ಆಚೆಯಿಂದ ಮೋಮಿನಪುರದ ಓಣಿಗೆ ಹಾಲಿನ ಪಾಕೀಟು, ಔಷಧದ ಚೀಟಿ ದಾಟಿಸಿದ ಕೈಗಳು ನಿಮ್ಮವೇ. ಹೆಸರು ಕೇಳದೆ, ಜಾತಿ ಕೇಳದೆ ಪಂಕ್ತಿಗೆ ಕೂಡಿಸಿದವರೂ ನೀವೇ. ಆ ಪಂಕ್ತಿ ಇನ್ನೂ ಹತ್ತು ಹೆಜ್ಜೆ ಮುಂದೆ ಹೋಗಲಿ ಎಂದಷ್ಟೇ ಬೇಡುತ್ತಿದ್ದೇನೆ.

ನನ್ನ ಮಗಳು ಈಗ ದೊಡ್ಡವಳಾಗಿದ್ದಾಳೆ. ಆ ಬೈಕು, ಆ ಕಾರು, ಗಡಗಡ ಅದುರಿದ ಹಲಗೆ ಯಾವುದೂ ಅವಳಿಗೆ ನೆನಪಿಲ್ಲ. ಚಾದರದ ಹೂವು ಮಾತ್ರ ನೆನಪಿದೆ, ಕೆಂಪು, ದೊಡ್ಡ ದೊಡ್ಡ ಹೂವು ಎನ್ನುತ್ತಾಳೆ. ಬೇಸಿಗೆ ಬಂತು, ಇನ್ನು ಜಾತ್ರೆಗಳ ಸಾಲು. ಆ ಹೆಂಗಸು ಈಗ ಯಾವ ಊರಿನ ಬಯಲಲ್ಲಿ ಬಿಡಾರ ಹೂಡಿದ್ದಾಳೋ, ನಿಮ್ಮೂರಿಗೇ ಬಂದಿರಬಹುದು. ಬಾವಿಯ ಹಿಂದೆ ಒಮ್ಮೆ ಹೋಗಿ ಕೇಳಿ, ಇವತ್ತು ನೀರು ಕುಡಿದೆಯಾ ತಾಯಿ ಎಂದು.