ಕಲ್ಲು ನೆಲದಲ್ಲಿ ಹೂವಿನ ವಿದ್ಯೆ



ಈ ತಿಂಗಳು ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಹುಡುಗಿಯೊಬ್ಬಳು ತನ್ನ ಅಮ್ಮಿಯ ಜೊತೆ ನನ್ನ ಮನೆಗೆ ಬಂದಳು. ಚಿಕ್ಕವಳಿದ್ದಾಗ ನನ್ನ ಬಳಿಯೇ ಕುರ್‌ಆನ್ ಓದಲು ಕಲಿತವಳು. ಪಿಯುಸಿ ಮುಗಿದಿತ್ತು. "ಆಪಾ, ನಾನು ತೋಟದ ಕೆಲಸ ಕಲಿಯಬೇಕು. ಹೂಗಿಡ ಬೆಳೆಸುವುದು, ಉದ್ಯಾನ ರೂಪಿಸುವುದು. ಅದಕ್ಕೇ ಒಂದು ಕೋರ್ಸ್ ಇದೆಯಂತೆ" ಎಂದಳು. ನಾನು ನಕ್ಕುಬಿಟ್ಟೆ. "ಮಾಲಿ ಕೆಲಸಕ್ಕೂ ಓದು ಬೇಕೇನಮ್ಮಾ? ಡಿ.ಎಡ್. ಮಾಡು, ಮರ್ಯಾದೆಯ ಕೆಲಸ ಸಿಗುತ್ತದೆ" ಎಂದೆ. ಅವಳು ತಲೆ ತಗ್ಗಿಸಿಕೊಂಡು ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಿಡ ನೆಟ್ಟವರಿಗೆ, ಅದರಿಂದ ಹಕ್ಕಿಯಾಗಲಿ ಮನುಷ್ಯರಾಗಲಿ ಪ್ರಾಣಿಯಾಗಲಿ ತಿಂದದ್ದೆಲ್ಲ ಸದಕಾ ಆಗುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ಮದ್ರಸಾದಲ್ಲಿ ಅದೇ ಹುಡುಗಿಗೆ ಪಾಠ ಮಾಡಿದ್ದವಳು ನಾನು. ಪಾಠ ಕೇಳಿದವಳು ಅದನ್ನು ಬದುಕಾಗಿಸಿಕೊಳ್ಳಲು ಹೊರಟಾಗ ಅಡ್ಡ ನಿಂತವಳೂ ನಾನೇ.

ಮರುದಿನವೇ ವಿಚಾರಿಸಲು ತೊಡಗಿದೆ. ಮೊದಲು ಗೊತ್ತಾದದ್ದು ರಾಜ್ಯದ ತೋಟಗಾರಿಕೆ ಇಲಾಖೆಯ ಹತ್ತು ತಿಂಗಳ ತರಬೇತಿ. ಎಸ್ಸೆಸ್ಸೆಲ್ಸಿ ಆದ ರೈತರ ಮಕ್ಕಳಿಗೆ ಇಲಾಖೆಯ ತರಬೇತಿ ಕೇಂದ್ರಗಳಲ್ಲಿ ನಡೆಯುತ್ತದೆ, ತಿಂಗಳಿಗಿಷ್ಟು ಎಂದು ಶಿಷ್ಯವೇತನವೂ ಉಂಟು. ಆದರೆ ತಂದೆತಾಯಿಯ ಹೆಸರಿನಲ್ಲಿ ಜಮೀನು ಇರಬೇಕು, ಪಹಣಿ ತೋರಿಸಬೇಕು. ಅವಳ ಅಬ್ಬಾ ಇನ್ನೊಬ್ಬರ ಶೇಂಗಾ ಮಂಡಿಯಲ್ಲಿ ಮೂಟೆ ತೂಗುವವರು. ಒಂದು ಗುಂಟೆ ನೆಲವೂ ಇಲ್ಲ. ಆ ಬಾಗಿಲು ಮುಚ್ಚಿತು.

ಉಳಿದದ್ದು ಸಮುದಾಯ ಕಾಲೇಜು. ಈ ಹೆಸರು ನಮ್ಮಲ್ಲಿ ಅನೇಕರಿಗೆ ಹೊಸದು. ಪದವಿಯವರೆಗೆ ಓದಲಾಗದವರಿಗೆ, ನಡುವೆ ಶಾಲೆ ಬಿಟ್ಟವರಿಗೆ, ಆಯಾ ಪ್ರದೇಶದಲ್ಲಿ ಕೆಲಸಕ್ಕೆ ಬರುವ ವಿದ್ಯೆಯನ್ನು ಕಡಿಮೆ ಖರ್ಚಿನಲ್ಲಿ ಕಲಿಸುವುದು ಇದರ ಉದ್ದೇಶ. ಅಮೆರಿಕದ ಜೋಲಿಯೆಟ್ ಎಂಬ ಊರಿನಲ್ಲಿ 1901ರಲ್ಲಿ ಇಂಥ ಕಾಲೇಜು ಶುರುವಾಯಿತು. ನಮ್ಮ ದೇಶದಲ್ಲಿ 2013-14ರಲ್ಲಿ ಯುಜಿಸಿ ಇದಕ್ಕೆಂದೇ ಒಂದು ಯೋಜನೆ ತಂದಿತು. ಪಾಠದಷ್ಟೇ ಕೈಕೆಲಸಕ್ಕೂ ಮಹತ್ವ, ಕೊನೆಗೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ.

ಬೆಂಗಳೂರಿನಲ್ಲಿ ಅವಳ ಖಾಲಾ ಇದ್ದರು. ಅವರ ಮನೆಯಲ್ಲಿದ್ದುಕೊಂಡು ಇಂಥದೊಂದು ಕಾಲೇಜಿನಲ್ಲಿ ಒಂದು ವರ್ಷ ಓದುವುದೆಂದು ತೀರ್ಮಾನವಾಯಿತು. ಅಬ್ಬಾ ಒಪ್ಪಿದರು, ಆದರೆ ಬಂಧುಗಳಿಗೆ "ಕಂಪ್ಯೂಟರ್ ಕಲಿಯಲು ಹೋಗಿದ್ದಾಳೆ" ಎಂದೇ ಹೇಳುತ್ತಿದ್ದರು!

ಅವಳು ಅಲ್ಲಿ ಕಲಿತದ್ದೇನು? ಬರೀ ಗಿಡಕ್ಕೆ ನೀರು ಹಾಕುವುದಲ್ಲ. ಮೊದಲು ನೆಲವನ್ನು ಓದುವುದು. ಇಳಿಜಾರು ಯಾವ ಕಡೆಗಿದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ಗಾಳಿ ಎತ್ತಲಿಂದ ಬೀಸುತ್ತದೆ. ಇದನ್ನೆಲ್ಲ ಅಳೆದು ಕಾಗದದ ಮೇಲೆ ನಕ್ಷೆ ಬರೆಯುವುದು. ಗಿಡ ಇಂದು ಎಷ್ಟಿದೆ ಎಂದಲ್ಲ, ಹತ್ತು ವರ್ಷದ ನಂತರ ಎಷ್ಟಗಲ ಹರಡೀತು ಎಂದು ಲೆಕ್ಕ ಹಾಕಿ ಜಾಗ ಬಿಡುವುದು. ಗುಲಾಬಿಗೆ ಕಣ್ಣು ಕಸಿ ಮಾಡುವುದು, ದಾಸವಾಳದ ಕಡ್ಡಿ ನೆಟ್ಟು ಬೇರು ಬರಿಸುವುದು. ಆಮೇಲೆ ಕೂಲಿ, ಗೊಬ್ಬರ, ಸಾಗಣೆ ಸೇರಿಸಿ ಖರ್ಚಿನ ಪಟ್ಟಿ ಬರೆಯುವುದು. ಗಣಿತ, ಚಿತ್ರಕಲೆ, ಜೀವಶಾಸ್ತ್ರ ಮೂರೂ ಬೇಕಾದ ವಿದ್ಯೆ ಇದು.

ತರಗತಿಯವರು ಲಾಲ್‌ಬಾಗಿಗೆ ಹೋಗಿ ಬಂದ ದಿನ ಅವಳು ನನಗೆ ಫೋನ್ ಮಾಡಿದಳು. "ಆಪಾ, ಲಾಲ್‌ಬಾಗಿಗೆ ಮಾದರಿ ನಮ್ಮ ಶಿರಾ ಅಂತೆ!" ನನಗೂ ಅಚ್ಚರಿಯಾಯಿತು. ಚಳ್ಳಕೆರೆಯಿಂದ ಬೆಂಗಳೂರಿಗೆ ಹೋಗುವಾಗ ಹಿರಿಯೂರು ದಾಟಿದರೆ ಸಿಗುವ ಶಿರಾ, ಮೊಘಲರ ಕಾಲದಲ್ಲಿ ಸುಬೇದಾರರ ಊರು. ದಿಲಾವರ್ ಖಾನ್ ಅಲ್ಲಿ ಖಾನ್‌ಬಾಗ್ ಎಂಬ ಉದ್ಯಾನ ಮಾಡಿಸಿದ್ದರು. ಶಿರಾದ ಆ ತೋಟವನ್ನು ನೋಡಿಯೇ ಹೈದರ್ ಅಲಿ 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದರೆಂದು ಹೇಳುತ್ತಾರೆ. ಟಿಪ್ಪು ಸುಲ್ತಾನರು ಪರದೇಶಗಳಿಂದ ಬೀಜ, ಸಸಿ ತರಿಸಿ ಅದನ್ನು ಬೆಳೆಸಿದರು. ಮುಂದೆ ಜರ್ಮನಿಯ ಕೃಂಬಿಗಲ್ 1908ರಿಂದ ಅದನ್ನು ನೋಡಿಕೊಂಡರು. ಕನ್ನಂಬಾಡಿಯ ಬೃಂದಾವನ ಮೈದಳೆದದ್ದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ. ಸಹೋದರಿಯರೇ, ಅರಸರು, ದಿವಾನರು ಹೆಮ್ಮೆಪಟ್ಟ ಕೆಲಸವನ್ನು ನಾವು ಯಾವಾಗಿನಿಂದ ಕೀಳೆಂದುಕೊಂಡೆವು?

ಡಿಪ್ಲೊಮಾ ಮುಗಿಸಿ ಊರಿಗೆ ಬಂದಾಗ ನಿಜವಾದ ಪರೀಕ್ಷೆ ಎದುರಾಯಿತು. ಪರೀಕ್ಷಕಿ ಅವಳ ದಾದಿ! "ಕುಡಿಯುವ ನೀರಿಗೆ ಕೊಡ ಸಾಲು ಹಚ್ಚುವ ಊರಿನಲ್ಲಿ ಹುಲ್ಲಿಗೆ ನೀರು ಬಿಡುವ ವಿದ್ಯೆ ಕಲಿತು ಬಂದಿದ್ದೀಯಾ?" ಎಂದರು ಅಜ್ಜಿ.

ಆ ಪ್ರಶ್ನೆ ನ್ಯಾಯವಾದದ್ದೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಹರಿಯುವ ನದಿಯ ಪಕ್ಕದಲ್ಲಿ ಕುಳಿತು ವುಝೂ ಮಾಡಿದರೂ ನೀರು ಪೋಲು ಮಾಡಬಾರದೆಂದು ಕಲಿತವರು ನಾವು.

ಹುಡುಗಿ ಸಿಟ್ಟಾಗಲಿಲ್ಲ, ಲೆಕ್ಕ ಹೇಳಿದಳು. 10 ಅಡಿ ಉದ್ದ, 10 ಅಡಿ ಅಗಲದ ಹುಲ್ಲುಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಎಂದರೂ ಸುಮಾರು 46 ಲೀಟರ್, ಅಂದರೆ ಮೂರು ಕೊಡ. "ಅದಕ್ಕೇ ದಾದೀ, ನಾನು ಹುಲ್ಲು ಹಾಕುವುದಿಲ್ಲ. ನಮ್ಮ ನೆಲಕ್ಕೆ ನಮ್ಮ ಗಿಡ" ಎಂದಳು.

ನಮ್ಮ ಗಿಡ ಯಾವುವು? ಕಾವಲಿನ ಬದಿಯಲ್ಲಿ ಯಾರೂ ನೀರು ಹಾಕದೆ ಹಳದಿ ಹೂ ಬಿಡುವ ತಂಗಡಿ. ಬೇಲಿಗೆ ಬಂದರಿಕೆ. ನೆರಳಿಗೆ ಬೇವು, ಹೊಂಗೆ, ಕಲ್ಲು ನೆಲದಲ್ಲೂ ಬೇರೂರುವ ಕಮರ. ಬಣ್ಣಕ್ಕೆ ಕಾಗದದ ಹೂ, ನಿತ್ಯಪುಷ್ಪ. ಕಣಗಲೆಯೂ ಬರಗಾಲ ತಾಳುತ್ತದೆ, ಆದರೆ ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಮಕ್ಕಳು, ಮೇಕೆ ಓಡಾಡುವ ಅಂಗಳಕ್ಕೆ ಅದು ಬೇಡವೆಂದು ಅವಳೇ ಎಚ್ಚರಿಸಿದಳು.

ನೀರು ಎಲ್ಲಿಂದ? ಅದಕ್ಕೂ ಲೆಕ್ಕ ಇತ್ತು. ಒಬ್ಬರ ವುಝೂಗೆ 2 ಲೀಟರ್ ಎಂದರೆ, ಐದು ಜನರಿಗೆ ಐದು ಹೊತ್ತಿಗೆ 50 ಲೀಟರ್. ಸಾಬೂನು ಬೆರೆಯದ ಶುದ್ಧ ನೀರು ಅಷ್ಟೂ ಮೋರಿ ಸೇರುತ್ತಿತ್ತು. ಬಚ್ಚಲಿಂದ ಸಣ್ಣ ಕಾಲುವೆ ತೋಡಿ ಅದನ್ನು ಗಿಡಗಳ ಬುಡಕ್ಕೆ ತಿರುಗಿಸಿದಳು. ಬುಡದ ಸುತ್ತ ಶೇಂಗಾ ಸಿಪ್ಪೆ ಹರಡಿ ತೇವ ಆರದಂತೆ ಮಾಡಿದಳು. ಹೊಸದಾಗಿ ಒಂದು ಕೊಡವನ್ನೂ ತರಲಿಲ್ಲ. ಆ ಬೇಸಿಗೆ ಕಳೆದ ಮೇಲೆ ದಾದಿಯೇ ಸಂಜೆ ಅಲ್ಲಿ ಚಾಪೆ ಹಾಕಿಸಿಕೊಂಡು ತಸ್ಬೀಹ್ ಹಿಡಿದು ಕೂರತೊಡಗಿದರು.

ಇಂದು ಅವಳ ಹಿತ್ತಿಲಲ್ಲಿ ಸಣ್ಣ ನರ್ಸರಿ ಇದೆ. ಶಾಲೆಯ ಅಂಗಳ, ಹೊಸ ಮನೆಗಳ ಮುಂಭಾಗ ರೂಪಿಸುವ ಕೆಲಸ ಆಗಾಗ ಸಿಗುತ್ತದೆ. ಬಿಸಿಲಿನ ತಿಂಗಳುಗಳಲ್ಲಿ ಏನೂ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಹಣಕ್ಕಾಗಿ ಅಲೆಸುವವರೂ ಇದ್ದಾರೆ. ಒಂದು ಕಡೆಯಿಂದ ಸಂಬಂಧ ನೋಡಲು ಬಂದವರು "ಮಣ್ಣು ಹೊರುವ ಹುಡುಗಿ" ಎಂದು ಎದ್ದು ಹೋದರು. ಅಮ್ಮಿ ಅತ್ತರು, ಅವರ ಚಿಂತೆ ಇನ್ನೂ ತೀರಿಲ್ಲ. ಆದರೆ ಅಬ್ಬಾ ಈಗ ಕಂಪ್ಯೂಟರ್ ಎನ್ನುವುದಿಲ್ಲ. "ನನ್ನ ಮಗಳು ತೋಟ ಮಾಡುತ್ತಾಳೆ" ಎಂದೇ ಹೇಳುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಆ ಮನೆಯಲ್ಲಿ ನಿಧಾನವಾಗಿ ನಿಜವಾಗುತ್ತಿದೆ.

ನಿಮ್ಮ ಮನೆಯ ಮಗಳಿಗೂ ಇಂಥ ಆಸೆಯಿದ್ದರೆ ನನ್ನಂತೆ ನಗಬೇಡಿ. ತಾಲ್ಲೂಕಿನ ತೋಟಗಾರಿಕೆ ಇಲಾಖೆ ಕಚೇರಿಗೆ ಒಮ್ಮೆ ಹೋಗಿ ವಿಚಾರಿಸಿ. ಕಾಲೇಜಾದರೆ ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಈ ವರ್ಷ ತರಗತಿ ನಿಜವಾಗಿ ನಡೆಯುತ್ತದೆಯೇ? ಪ್ರಮಾಣಪತ್ರ ಯಾರ ಹೆಸರಿನಲ್ಲಿ ಬರುತ್ತದೆ? ಕೈಕೆಲಸಕ್ಕೆ ಸ್ವಂತ ತೋಟ ಇದೆಯೇ? ಹೆಣ್ಣುಮಕ್ಕಳು ಉಳಿಯಲು ಏನು ವ್ಯವಸ್ಥೆ?

ಅಷ್ಟರೊಳಗೆ ಮನೆಯಲ್ಲೇ ಒಂದು ಪಾಠ ಆರಂಭಿಸಬಹುದು. ದಾಸವಾಳದ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಒಂದು ಗೇಣಿನಷ್ಟು, ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಕೆಳಗಿನ ಎಲೆ ತೆಗೆಯಿರಿ. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮವಾಗಿ ಬೆರೆಸಿ, ತಳಕ್ಕೆ ತೂತು ಮಾಡಿದ ಡಬ್ಬಕ್ಕೆ ತುಂಬಿ ನೆಡಿ. ನೆರಳಲ್ಲಿಟ್ಟು ತೇವ ಕಾಯಿರಿ. ಚಿಗುರು ಬಂತೆಂದು ಕಿತ್ತು ನೋಡಬೇಡಿ, ಬೇರು ಚಿಗುರಿಗಿಂತ ತಡವಾಗಿ ಬರಬಹುದು.

ಹೆಣ್ಣುಮಕ್ಕಳ ಆಸೆಯೂ ಹಾಗೆಯೇ. ನಾನು ಅಂದು ಕಿತ್ತು ನೋಡಿದ್ದೆ. ಬೇರು ಗಟ್ಟಿಯಿತ್ತು, ಅಲ್‌ಹಮ್ದುಲಿಲ್ಲಾಹ್.