ತಾಯಿಯ ವಿದ್ಯೆ, ಶಿಶುವಿನ ಆಯುಸ್ಸು

ಜನನಮರಣಗಳ ಲೆಕ್ಕವೆಂಬುದು ಸರಕಾರದ ಕಡತಗಳಿಗೆ ಸೇರಿದ ಶುಷ್ಕವಿಷಯವೆಂದು ಗೃಹಸ್ಥರಲ್ಲಿ ಅನೇಕರ ಭಾವನೆ. ಅದು ಹಾಗಲ್ಲವೆಂಬುದಕ್ಕೆ ಆಸ್ಟ್ರೇಲಿಯಾ ದೇಶದ ಜನಸಂಖ್ಯಾಶಾಸ್ತ್ರಜ್ಞರಾದ ಜಾನ್ ಕಾಲ್ಡ್‌ವೆಲ್ ಎಂಬವರ ಸಂಶೋಧನೆಯೇ ಸಾಕ್ಷಿಯಾಗಿದೆ.

ಇವರು ನೈಜೀರಿಯಾದ ಇಬಾದಾನ್ ಮೊದಲಾದೆಡೆಗಳ ಲೆಕ್ಕಗಳನ್ನು ಶೋಧಿಸಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತವೇನೆಂದರೆ: ತಂದೆಯ ವಿದ್ಯೆ, ಉದ್ಯೋಗಗಳು ಸಮಾನವಾಗಿದ್ದರೂ, ತಾಯಿಯು ಓದಿದವಳಾಗಿರುವ ಮನೆಯಲ್ಲಿ ಮಕ್ಕಳ ಮರಣವು ಕಡಿಮೆ. ಬಳಿಕ ಪತ್ನಿ ಪ್ಯಾಟ್ ಹಾಗೂ ಪಿ. ಎಚ್. ರೆಡ್ಡಿ ಇವರೊಡಗೂಡಿ ನಮ್ಮ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿಯೂ ಇದರ ಕಾರಣವನ್ನು ವಿಚಾರಿಸಿದರು. ಓದಿದ ಸೊಸೆಯು ಮಗುವಿನ ಕಾಯಿಲೆಯನ್ನು ಅತ್ತೆಯ ಮುಂದೆ ಅಳುಕದೆ ಹೇಳುವಳು. ವೈದ್ಯರಲ್ಲಿಗೆ ಬೇಗನೆ ಒಯ್ಯುವಳು. ಔಷಧವು ಫಲಿಸದಿದ್ದರೆ ಮರಳಿ ಹೋಗಿ ತಿಳಿಸುವಳು. ಓದದವಳಾದರೋ, ವೈದ್ಯರನ್ನು ಆಕ್ಷೇಪಿಸಿದಂತಾದೀತೆಂದು ಅಂಜಿ ಸುಮ್ಮನಿರುವಳು. ಆ ಮೌನದಲ್ಲಿಯೇ ಶಿಶುವಿನ ಪ್ರಾಣವು ಹೋಗುವುದುಂಟು.

ಭಾರತದಲ್ಲಿ ಹುಟ್ಟಿದ 1000 ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ 1971ರಲ್ಲಿ 129 ತೀರಿಕೊಳ್ಳುತ್ತಿದ್ದವು. 2020ರಲ್ಲಿ ಇದು 28ಕ್ಕೆ ಇಳಿದಿತ್ತು. ಸ್ತ್ರೀಯೊಬ್ಬಳಿಗೆ ಸರಾಸರಿ ಸಂತಾನವೂ 1992-93ರಲ್ಲಿ 3.4 ಇದ್ದುದು 2019-21ರಲ್ಲಿ 2.0 ಆಯಿತು. ಲಸಿಕೆ, ಔಷಧ, ಶುದ್ಧಜಲಗಳ ಉಪಕಾರವು ದೊಡ್ಡದೇ ಸರಿ; ಆದರೆ ಅವನ್ನು ಮಗುವಿಗೆ ಮುಟ್ಟಿಸುವವಳು ತಾಯಿ.

ಹೆಣ್ಣುಮಕ್ಕಳಿಗೆ ಓದೇಕೆಂದು ಕೇಳಿದವರಿಗೆ ನಾವು ಪಾಠಶಾಲೆಯಲ್ಲಿದ್ದಾಗ ಸಂಸ್ಕಾರದ ಮಾತನ್ನು ಹೇಳುತ್ತಿದ್ದೆವು. ಈಗ ಪ್ರಾಣದ ಮಾತನ್ನೇ ಹೇಳುವೆವು. ಮಗಳನ್ನು ನಡುವೆ ಶಾಲೆ ಬಿಡಿಸಬೇಡಿರಿ. ಸೊಸೆಯು ಮಗುವಿಗಾಗಿ ಬಾಯ್ದೆರೆದರೆ ಅದನ್ನು ಎದುರುಮಾತೆಂದು ಭಾವಿಸದೆ ಕಿವಿಗೊಡಿರಿ.